ಕೆಜಿಎಫ್ ಇಂಗ್ಲಿಷ್ ಚರ್ಚಿನ ಕಥೆ ಏನು?

ಪ್ರಶ್ನೆ: ಸಾರ್, ಕೆಜಿಎಫ್ ಕಡೆ ಹೋದಾಗ ಬ್ರಿಟಿಷರ ಕಾಲದ ಚರ್ಚ್ ನೋಡ್ದೆ. ಗಣಿ ದೊರೆಗಳೆಲ್ಲ ಒಂದೇ ಚರ್ಚಿಗೆ ಹೋಗ್ತಿದ್ರಾ? ಅವ್ರು ಹೋದ್ಮೇಲೆ ಏನಾಯ್ತು?
- ಓದುಗರು, ಬಂಗಾರಪೇಟೆ

ಉತ್ತರ: ಇಲ್ಲ ಕಣ್ರೀ, ಒಂದೇ ಅಲ್ಲ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಬಂದು ಗಣಿ ಶುರು ಮಾಡ್ದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರದ ಗಣಿ ಕೆಲಸ ಗೊತ್ತಿದ್ದೋರನ್ನ ಕರ್ಕೊಂಡ್ ಬಂದ್ರು, ಆ ಕಡೆಯೋರಲ್ಲಿ ಮೆಥಡಿಸ್ಟರೇ (ಆಂಗ್ಲಿಕನ್ ಚರ್ಚಿಂದ ಬೇರೆಯಾದ ಪ್ರಾಟೆಸ್ಟೆಂಟ್ ಪಂಗಡದೋರು) ಜಾಸ್ತಿ. ಇನ್ನೊಂದು ಪಂಗಡ ಆಂಗ್ಲಿಕನ್ನರದ್ದು, ಆಂಗ್ಲಿಕನ್ ಅಂದ್ರೆ ಇಂಗ್ಲೆಂಡ್ ರಾಜನೇ ಮುಖ್ಯಸ್ಥ ಆಗಿರೋ ಚರ್ಚು, ಅದ್ರ ಪ್ರಾರ್ಥನೆ ಪುಸ್ತಕ 1662ರದ್ದು, ಎಲ್ಲಿಗೆ ಹೋದ್ರೂ ಅದನ್ನೇ ಹಿಡ್ಕೊಂಡು ಹೋಗೋರು. ಬಂಗಲೆ, ಕ್ಲಬ್ಬು, ಗಾಲ್ಫ್, ಭಾನುವಾರ ಚರ್ಚು, ಅದಕ್ಕೇ ಊರಿಗೆ ಲಿಟಲ್ ಇಂಗ್ಲೆಂಡ್ ಅನ್ನೋ ಹೆಸರು. (ನೆಲದಡಿ ಬೆವರು ಸುರಿಸಿದ ಕೂಲಿಗಳ ಲೈನ್ ಮನೆಗಳನ್ನ ಮಾತ್ರ ಯಾರೂ ಇಂಗ್ಲೆಂಡ್ ಅನ್ನಲಿಲ್ಲ ಬಿಡಿ!)

1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಎಲ್ಲ ಸೇರಿ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೋ ಒಂದೇ ಚರ್ಚ್ ಆಯ್ತು, 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು, ದೊರೆಗಳು ಒಬ್ಬೊಬ್ರೇ ಹಡಗು ಹತ್ತಿದ್ರು. 2001ರಲ್ಲಿ ಗಣಿನೂ ಮುಚ್ತು, ಆದ್ರೆ ಚರ್ಚಿಗೆ ಬರೋ ನಮ್ಮ ಜನ ಮಾತ್ರ ಅಲ್ಲೇ ಉಳ್ಕೊಂಡ್ರು.