ಸೇನೆ ಕಿತ್ತುಹಾಕಿದ ರಾಯಭಾರಿ ವಿಶ್ವಸಂಸ್ಥೆಯಲ್ಲಿ ಉಳಿದದ್ದು ಹೇಗೆ?

ಸೇನೆ ಕೆಲಸದಿಂದ ತೆಗೆದ ಮೇಲೂ ಮ್ಯಾನ್ಮಾರ್ ರಾಯಭಾರಿ ವಿಶ್ವಸಂಸ್ಥೆಯಲ್ಲಿ ಹೇಗೆ ಉಳಿದರು, ಕಾನೂನು ಇದನ್ನು ಒಪ್ಪುತ್ತಾ ಅಂತ ಕೇಳಿದ್ದೀರಿ. ಒಪ್ಪುತ್ತದೆ. ಆದರೆ ಆ ಕಾನೂನು ತುಂಬಾ ಸಡಿಲ.

2021ರ ಫೆಬ್ರುವರಿ 1ಕ್ಕೆ ಸೇನೆ ಅಧಿಕಾರ ಕಿತ್ತುಕೊಂಡಿತು. 26ಕ್ಕೆ ರಾಯಭಾರಿ ಕ್ಯಾವ್ ಮೋ ತುನ್ ಮಹಾಸಭೆಯಲ್ಲಿ ಮಾತಿಗೆ ನಿಂತರು. ಆ ವಿಡಿಯೋ ಸಿಕ್ಕರೆ ನೋಡಿ. ಸೇನೆಯನ್ನು ತಡೆಯಿರಿ ಅಂತ ಬೇಡುತ್ತಾರೆ, ದನಿ ನಡುಗುತ್ತದೆ, ಕೊನೆಗೆ ತಮ್ಮ ಬರ್ಮೀಸ್ ಭಾಷೆಗೆ ಹೊರಳಿ, ಸೇನೆಗೆ ವಿರೋಧದ ಗುರುತಾಗಿ ಮೂರು ಬೆರಳು ಎತ್ತುತ್ತಾರೆ. ಮಾರನೇ ದಿನವೇ ಸೇನೆ ಅವರನ್ನು ವಜಾ ಮಾಡಿತು.

ವಜಾ ಮಾಡುವ ಅಧಿಕಾರ ಸೇನೆಗೆ ಇತ್ತಾ? ಯಾವ ದೇಶದ ಪರ ಯಾರು ಕೂರಬೇಕು ಅಂತ, ಪ್ರತಿನಿಧಿಗಳು ತರುವ ನೇಮಕದ ಪತ್ರ ಪರಿಶೀಲಿಸಲು ವಿಶ್ವಸಂಸ್ಥೆಯಲ್ಲಿ ಒಂಬತ್ತು ದೇಶಗಳ ಸಮಿತಿ ಇದೆ. ಕೊನೆಯ ಮಾತು ಮಹಾಸಭೆಯದ್ದು. ಒಂದೇ ಕುರ್ಚಿಗೆ ಇಬ್ಬರು ಬಂದರೆ ಏನು ಮಾಡಬೇಕು? ವಿಶ್ವಸಂಸ್ಥೆಯ ಸನ್ನದಿನ ಆಶಯ ಮತ್ತು ಆಯಾ ಸಂದರ್ಭ ನೋಡಿ ಅಂತ 1950ರ ಒಂದು ನಿರ್ಣಯ ಹೇಳುತ್ತದೆ, ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಸಮಿತಿ ಯಾರನ್ನೂ ಆರಿಸದೆ ತೀರ್ಮಾನ ಮುಂದೂಡಿತು. ಹಾಗಾಗಿ ಮೊದಲು ಕೂತಿದ್ದವರೇ ಉಳಿದರು. ತಾಲಿಬಾನ್ ಕೇಳಿದ ಅಫ್ಘಾನಿಸ್ತಾನದ ಕುರ್ಚಿಗೂ ಆಗ ಇದೇ ಉತ್ತರ.

ಈ ಸಡಿಲ ನಿಯಮ ಎಲ್ಲಿಗೆ ಒಯ್ಯಬಹುದು ಅನ್ನುವುದಕ್ಕೆ ಕಾಂಬೋಡಿಯ ನೋಡಿ. ಅಲ್ಲಿ ಪೋಲ್ ಪಾಟ್‌ನ ಖಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪು ಆಳಿದ ನಾಲ್ಕೇ ವರ್ಷದೊಳಗೆ ಹದಿನೈದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಅವರನ್ನು ರಾಜಧಾನಿಯಿಂದ ಓಡಿಸಿತು. ಅವರು ಗಡಿಯ ಕಾಡು ಸೇರಿದರು. ಆದರೂ ಅದೇ ವರ್ಷ ಮಹಾಸಭೆಯಲ್ಲಿ ಕಾಂಬೋಡಿಯದ ಕುರ್ಚಿ ಅವರಿಗೇ ಇರಲಿ ಅಂತ 71 ದೇಶಗಳು ಮತ ಹಾಕಿದವು, 35 ವಿರುದ್ಧ. ಹೊರಗಿನ ಸೇನೆ ಕೂರಿಸಿದ ಸರ್ಕಾರವನ್ನು ಒಪ್ಪಬಾರದು ಅನ್ನೋದು ವಾದ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ, ನಿಜ. ಆದರೆ ಕೊಂದವರೇ ಸತ್ತವರ ಮನೆಯವರ ಪರವಾಗಿ ಮಾತಾಡಬೇಕಾ? ಕುರ್ಚಿಯನ್ನು ಖಾಲಿ ಬಿಡಬಹುದಿತ್ತು. 1997ರಲ್ಲಿ ಅದೇ ಕಾಂಬೋಡಿಯದ ಕುರ್ಚಿಯನ್ನು ಖಾಲಿ ಬಿಟ್ಟರಲ್ಲ!

ಮ್ಯಾನ್ಮಾರ್ ವಿಷಯದಲ್ಲಿ ಮುಂದೂಡಿದ್ದೇ ಒಳ್ಳೆಯದಾಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಕುರ್ಚಿ ಸಿಗದ ಅದೇ ಸೇನೆ, 2022ರ ಫೆಬ್ರುವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ರೋಹಿಂಗ್ಯಾ ನರಮೇಧದ ಕೇಸಿನಲ್ಲಿ ಮ್ಯಾನ್ಮಾರ್ ಪರ ವಾದ ಮಾಡಿತು. ಮಹಾಸಭೆ ಅಂದು ಗಟ್ಟಿಯಾಗಿ ಒಂದು ಮಾತು ಹೇಳಿದ್ದರೆ, ಆ ದಿನ ಕೋರ್ಟಿನಲ್ಲಿ ಅವರನ್ನು ತಡೆಯೋಕೆ ಒಂದು ಆಧಾರವಾದರೂ ಇರುತ್ತಿತ್ತು.