ಮೋಡದ ಕೈ ಮಾಡುವಾಗ ಭುಜ ನೋವು ಅಂದವರಿಗೆ

ವೀಡಿಯೊ ನೋಡಿಕೊಂಡು 24 ಭಂಗಿಯ ತೈ ಚಿ, ಅಂದರೆ ಚೀನಾದ ನಿಧಾನಗತಿಯ ವ್ಯಾಯಾಮ, ಕಲಿಯುತ್ತಿದ್ದೀರಿ. ಎರಡೂ ಕೈ ಒಂದಾದ ಮೇಲೊಂದು ಮೈಯೆದುರು ಸುತ್ತು ಹಾಕುವ, ಹತ್ತನೆಯದಾದ ‘ಮೋಡದ ಕೈ’ ಬಂದ ತಕ್ಷಣ ಭುಜ ಹಿಡಿದುಕೊಳ್ಳುತ್ತೆ, ಕೈಯನ್ನು ಹೊಟ್ಟೆಯಿಂದ ಆಡಿಸುವುದು ಹೇಗೆ ಅಂತ ಕೇಳಿದ್ದೀರಿ. ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಬೆಳಗ್ಗೆ ನಮ್ಮ ಜೊತೆ ಸೇರುವ ಹೊಸಬರದ್ದೂ ಇದೇ ಗೋಳು.

ಒಂದು ವಾರ ಕೈ ಆಡಿಸಲೇಬೇಡಿ. ಹೊಕ್ಕುಳಿನಿಂದ ಮೂರು ಬೆರಳು ಕೆಳಗೆ ಎರಡೂ ಅಂಗೈ ಇಟ್ಟುಕೊಳ್ಳಿ. ಚೀನಿಯರು ದಾಂಟಿಯನ್ ಅನ್ನುವ, ಮೈಯ ಶಕ್ತಿಯ ನೆಲೆ ಅಂತ ಎಣಿಸುವ ಜಾಗ ಅಲ್ಲೇ ಒಳಗಿದೆ. ಪಾದಗಳು ಭುಜದಷ್ಟು ಅಗಲ, ಬೆರಳು ನೇರ ಮುಂದಕ್ಕೆ. ಮೊದಲು ತೂಕ ಎಡಗಾಲಿಗೆ ಬರಲಿ, ಆಮೇಲೆ ಹೊಟ್ಟೆ ಎಡಕ್ಕೆ ತಿರುಗಲಿ. ಎಡ ತೊಡೆಸಂದಿನಲ್ಲಿ ಪ್ಯಾಂಟಿನ ಬಟ್ಟೆ ಮಡಿಕೆ ಬೀಳಬೇಕು. ಮಂಡಿ ಮಾತ್ರ ತಿರುಚಬಾರದು, ಕಾಲ್ಬೆರಳಿನ ದಿಕ್ಕಿಗೇ ಇರಲಿ. ಬಲಮಂಡಿ ಒಳಕ್ಕೆ ವಾಲಿದರೆ ಜಾಸ್ತಿ ತಿರುಗಿದ್ದೀರಿ ಅಂತಲೇ ಲೆಕ್ಕ. 45 ಡಿಗ್ರಿ ಧಾರಾಳ ಸಾಕು.

ಇದು ರೂಢಿಯಾದ ಮೇಲೆ ಕೈ ಸೇರಿಸಿ. ಮೇಲಿನ ಅಂಗೈ ಗಲ್ಲದ ಮಟ್ಟದಲ್ಲಿ ನಿಮ್ಮ ಕಡೆಗೆ, ಕೆಳಗಿನದು ಹೊಟ್ಟೆಯ ಮಟ್ಟದಲ್ಲಿ. ಕಂಕುಳಲ್ಲಿ ಒಂದು ಮುಷ್ಟಿಯಷ್ಟು ಜಾಗ ಬಿಡಿ, ಮೊಣಕೈ ಕೆಳಕ್ಕೆ ಇಳಿದಿರಲಿ. ತಿರುಗುವಾಗ ಮೇಲಿನ ಅಂಗೈ ಅಂಗಿಯ ಗುಂಡಿ ಸಾಲಿನ ಎದುರೇ ಇರಬೇಕು. ಗುಂಡಿ ಇನ್ನೂ ಮುಂದಕ್ಕೇ ನೋಡುತ್ತಿದೆ, ಕೈ ಆಗಲೇ ಎಡಕ್ಕೆ ಹೋಗಿದೆ ಅಂದರೆ ಎಳೆಯುತ್ತಿರುವುದು ಭುಜ. ಮಧ್ಯದಲ್ಲಿ ಸೊಂಟವನ್ನು ತಟ್ಟನೆ ನಿಲ್ಲಿಸಿ ನೋಡಿ. ಕೈಯೂ ಅಲ್ಲೇ ನಿಲ್ಲಬೇಕು.

ಕೈಗೆ ಏನೂ ಕೆಲಸ ಇಲ್ಲ ಅಂತ ಕೆಲವರು ಹೇಳಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಅಡ್ಡಕ್ಕೆ ಸಾಗುವುದು ಹೊಟ್ಟೆಯ ಕೆಲಸ. ಕೈ ಮೇಲೆ ಕೆಳಗೆ ಬದಲಾಗುವುದು, ಕೊನೆಯಲ್ಲಿ ಅಂಗೈ ಹೊರಕ್ಕೆ ಹೊರಳುವುದು ಕೈಯದೇ ಕೆಲಸ. ನಮ್ಮ ಕಡೆ ಅಜ್ಜಿಯರು ರಾಗಿಕಲ್ಲು ಬೀಸುತ್ತಿದ್ದದ್ದು ನೋಡಿದ್ದೀರಲ್ವಾ? ಗೂಟ ಹಿಡಿದಿರುವುದು ಕೈ, ತೂಗುವುದು ಸೊಂಟ. ಬರೀ ತೋಳಿನಲ್ಲಿ ಬೀಸಿದ್ದರೆ ಒಂದು ಸೇರು ಮುಗಿಯುವಷ್ಟರಲ್ಲಿ ಸುಸ್ತಾಗುತ್ತಿತ್ತು.

ಯಾಂಗ್ ಶೈಲಿಯ ತೈ ಚಿ ಹರಡಿದ ಚೀನೀ ಗುರು ಯಾಂಗ್ ಚೆಂಗ್‌ಫು ಅವರ ಹತ್ತು ಸೂತ್ರಗಳಲ್ಲಿ ಸೊಂಟ ಸಡಿಲಿಸುವುದೂ ಇದೆ, ಭುಜ ಇಳಿಸಿ ಮೊಣಕೈ ಬಿಡುವುದೂ ಇದೆ. ನಿಮ್ಮ 24 ಭಂಗಿಯನ್ನು 1956ರಲ್ಲಿ ಚೀನಾದಲ್ಲಿ ಜೋಡಿಸಿದ್ದು ಅದೇ ಯಾಂಗ್ ಶೈಲಿಯಿಂದ. ಹಾಗಾಗಿ ವೀಡಿಯೊದವರು ಬಾಯಿಬಿಟ್ಟು ಹೇಳದಿದ್ದರೂ ಈ ಎರಡೂ ಒಟ್ಟಿಗೇ ಬೇಕು. ಸೊಂಟ ಬಿಗಿಯಾಗಿದ್ದರೆ ಭುಜ ತಾನೇ ಮೇಲೇಳುತ್ತೆ.

ಇನ್ನೊಂದು ಮಾತು. ಕೈ ತಲೆವರೆಗೆ ಏಳುವುದೇ ಇಲ್ಲ, ರಾತ್ರಿ ಆ ಮಗ್ಗುಲಲ್ಲಿ ಮಲಗಲು ಆಗುವುದಿಲ್ಲ ಅಂದರೆ ತೈ ಚಿ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ, ಇರಬಹುದು, ಶುಗರ್ ಇದ್ದವರಿಗೆ ಅದು ಜಾಸ್ತಿ. ಸುಮ್ನೆ ಅಭ್ಯಾಸದ ನೋವು ಅನ್ನುವುದಾದರೆ ಇಲ್ಲೇ ಒಂದು ವೀಡಿಯೊ ಹಾಕಿ. ಎದುರಿನಿಂದ ತೆಗೆಯಿರಿ, ಫೋನು ಸೊಂಟದ ಎತ್ತರಕ್ಕಿರಲಿ, ಗುಂಡಿ ಇರುವ ಅಂಗಿ ಹಾಕಿಕೊಳ್ಳಿ. ಟೀ ಶರ್ಟಿನಲ್ಲಿ ಏನೂ ಗೊತ್ತಾಗುವುದಿಲ್ಲ.