ಓದುಗರ ಪ್ರಶ್ನೆ: ಇವಿ ಬ್ಯಾಟರಿಯೊಳಗಿನ ಅಲ್ಯೂಮಿನಿಯಂ

ಪ್ರಶ್ನೆ: ಲಿಥಿಯಂ ಸೆಲ್‌ನ ಧನ ಬದಿಯಲ್ಲಿ ಅಲ್ಯೂಮಿನಿಯಂ ಹಾಳೆ, ಋಣ ಬದಿಯಲ್ಲಿ ತಾಮ್ರದ ಹಾಳೆ ಇರುತ್ತದಂತೆ. ಅಗ್ಗವೂ ಹಗುರವೂ ಆದ ಅಲ್ಯೂಮಿನಿಯಂ ಅನ್ನೇ ಎರಡೂ ಕಡೆ ಏಕೆ ಹಾಕುವುದಿಲ್ಲ?

ಉತ್ತರ: ಹಾಕಿದರೆ ಋಣ ಬದಿಯ ಹಾಳೆ ಪುಡಿಯಾಗುತ್ತದೆ. ಚಾರ್ಜ್ ಆಗುವಾಗ ಋಣ ಬದಿಯ ಹಾಳೆಗೆ ಬಳಿದಿರುವ ಗ್ರಾಫೈಟ್‌ನ ವೋಲ್ಟೇಜ್, ಲಿಥಿಯಂ ಲೋಹಕ್ಕೆ ಹೋಲಿಸಿ ಅಳೆದರೆ, 0.1 ವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ. ಸುಮಾರು 0.3 ವೋಲ್ಟ್‌ಗಿಂತ ಕೆಳಗೆ ಅಲ್ಯೂಮಿನಿಯಂ ಲಿಥಿಯಂ ಅನ್ನು ಹೀರಿಕೊಂಡು ಮಿಶ್ರಲೋಹವಾಗುತ್ತದೆ, ಉಬ್ಬುತ್ತದೆ, ಬಿರಿಯುತ್ತದೆ. ತಾಮ್ರಕ್ಕೆ ಈ ಚಾಳಿಯಿಲ್ಲ. ಆದರೆ ಅದೇ ತಾಮ್ರ ಧನ ಬದಿಯಲ್ಲಿದ್ದರೆ 3.5 ವೋಲ್ಟ್ ಹತ್ತಿರ ಬರುತ್ತಲೇ ಕರಗತೊಡಗುತ್ತದೆ. ಅಲ್ಯೂಮಿನಿಯಂ ಅಲ್ಲಿ 4 ವೋಲ್ಟ್ ದಾಟಿದರೂ ತಾಳುತ್ತದೆ. ಮೈಮೇಲಿನ ಆಕ್ಸೈಡ್ ಪೊರೆ, ಅದರ ಮೇಲೆ ಎಲೆಕ್ಟ್ರೋಲೈಟ್‌ನ (ಸೆಲ್ ಒಳಗೆ ಅಯಾನುಗಳನ್ನು ಸಾಗಿಸುವ ದ್ರವ) ಲವಣದಿಂದ ಕೂಡಿಕೊಳ್ಳುವ ಫ್ಲೋರೈಡ್ ಪದರ, ಇವೆರಡೇ ಅದಕ್ಕೆ ಕಾವಲು. 10ರಿಂದ 20 ಮೈಕ್ರಾನ್ ದಪ್ಪದ ಹಾಳೆ ವರ್ಷಗಟ್ಟಲೆ ಬಾಳುವುದು ಇದರಿಂದಲೇ.

ಸೆಲ್ ಅನ್ನು ಮಿತಿ ಮೀರಿ ಬರಿದು ಮಾಡಬಾರದು ಎನ್ನುವುದೂ ಇದೇ ಲೆಕ್ಕಾಚಾರ. ಋಣ ಬದಿಯ ವೋಲ್ಟೇಜ್ ಮೇಲೇರಿ ತಾಮ್ರ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ಕರಗಿದ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಹಾಗೆ ಸತ್ತ ಸೆಲ್‌ಗೆ ಜೀವ ತುಂಬುವ ಸಾಹಸ ಬೇಡವೇ ಬೇಡ.

ಎರಡೂ ಕಡೆ ಅಲ್ಯೂಮಿನಿಯಂ ಇರುವ ಸೆಲ್‌ಗಳೂ ಉಂಟು. ಲಿಥಿಯಂ ಟೈಟನೇಟ್ ಋಣ ಬದಿ ಕೆಲಸ ಮಾಡುವುದು ಸುಮಾರು 1.55 ವೋಲ್ಟ್‌ನಲ್ಲಿ, ಅಂದರೆ ಆ 0.3ಕ್ಕಿಂತ ಬಹಳ ಮೇಲೆ; ಸೋಡಿಯಂ ಅಯಾನ್ ಸೆಲ್‌ನಲ್ಲಂತೂ ಸೋಡಿಯಂ ಅಲ್ಯೂಮಿನಿಯಂ ಜೊತೆ ಬೆರೆಯುವುದೇ ಇಲ್ಲ.

ಪ್ರಶ್ನೆ: ಬ್ಯಾಟರಿ ಪ್ಯಾಕ್‌ನಲ್ಲಿ ತಾಮ್ರದ ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸಿ ಕರೆಂಟ್ ಸಾಗಿಸುವ ಪಟ್ಟಿ) ತೆಗೆದು ಅದೇ ಅಳತೆಯ ಅಲ್ಯೂಮಿನಿಯಂ ಪಟ್ಟಿ ಹಾಕಬಹುದೇ?

ಉತ್ತರ: ಅದೇ ಅಳತೆ ಸಾಲದು. ಅಲ್ಯೂಮಿನಿಯಂ ವಾಹಕತೆ ತಾಮ್ರದ 61 ಶೇಕಡಾ ಮಾತ್ರ. 100 ಚದರ ಮಿ.ಮೀ. ತಾಮ್ರದ ಜಾಗಕ್ಕೆ ಸುಮಾರು 160 ಬೇಕು. ಆಗಲೂ ತೂಕ ಅರ್ಧದಷ್ಟೇ. ತೊಂದರೆ ಬರುವುದು ಪಟ್ಟಿಯಲ್ಲಲ್ಲ, ಬೋಲ್ಟ್ ಕೂರುವಲ್ಲಿ. ಒತ್ತಡಕ್ಕೆ ಅಲ್ಯೂಮಿನಿಯಂ ನಿಧಾನವಾಗಿ ಸರಿಯುತ್ತದೆ, ಬಿಗಿ ಸಡಿಲವಾಗುತ್ತದೆ, ರೋಧ ಏರುತ್ತದೆ, ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಸಡಿಲ. ತಾಗುವ ಮೈಯನ್ನು ಸ್ಟೀಲ್ ಬ್ರಷ್‌ನಿಂದ ಉಜ್ಜಿ ತಡಮಾಡದೆ ಜಾಯಿಂಟ್ ಕಾಂಪೌಂಡ್ (ಮತ್ತೆ ಆಕ್ಸೈಡ್ ಕಟ್ಟದಂತೆ ತಡೆಯುವ ಗ್ರೀಸ್) ಹಚ್ಚಿ, ಸ್ಪ್ರಿಂಗ್ ಗುಣದ ಬೆಲ್‌ವಿಲ್ ವಾಷರ್ ಹಾಕಿ, ತಯಾರಕರು ಹೇಳಿದ ಟಾರ್ಕ್‌ಗೇ ಬಿಗಿ ಮಾಡಬೇಕು. ತಾಮ್ರದ ಟರ್ಮಿನಲ್‌ಗೆ ತವರದ ಲೇಪವಿರಲಿ. ತೇವ ಸೇರಿದರೆ ಬರಿ ತಾಮ್ರ ಪಕ್ಕದ ಅಲ್ಯೂಮಿನಿಯಂ ಅನ್ನು ಸವೆಸುತ್ತದೆ. ಇದೆಲ್ಲ ಹೈವೋಲ್ಟೇಜ್ ತರಬೇತಿ ಆದವರ ಕೆಲಸ.

ಪ್ರಶ್ನೆ: ಬ್ಯಾಟರಿ ಕೂಲಂಟ್ (ತಂಪಾಗಿಡುವ ದ್ರವ) ಕಡಿಮೆಯಾದರೆ ನಲ್ಲಿ ನೀರು ಸೇರಿಸಬಹುದೇ?

ಉತ್ತರ: ಬೇಡ. ನೀರಿನ ಕ್ಲೋರೈಡ್ ಅಲ್ಯೂಮಿನಿಯಂ ಕೂಲಿಂಗ್ ಪ್ಲೇಟ್‌ನಲ್ಲಿ ಗುಳಿ ಕೊರೆಯುತ್ತದೆ. ಕೈಪಿಡಿಯಲ್ಲಿ ಹೇಳಿದ ಕೂಲಂಟ್ ಮಾತ್ರ ಹಾಕಿ. ಮಟ್ಟ ಪದೇಪದೇ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರದೆ ಸೋರಿಕೆ ಪರೀಕ್ಷೆ ಮಾಡಿಸಿ.